ನಾಯರ್ ತರವಾಡಿನ ಆಸ್ತಿ: ಪಾಲು ಕವಲಿಗೊಂದೋ, ತಲೆಗೊಂದೋ?

ಕೇಳಿದವರು: ಕುತೂಹಲಿ
ಮಲಬಾರಿನ ಒಂದು ತರವಾಡು (ತಾಯಿಯ ಕಡೆಯಿಂದ ಲೆಕ್ಕ ಹಿಡಿಯುವ ಕೂಡುಕುಟುಂಬ) 1976ರವರೆಗೂ ಪಾಲಾಗಿಲ್ಲ ಅಂತಿಟ್ಟುಕೊಳ್ಳಿ. ತಾಯಿ, ಇಬ್ಬರು ಹೆಣ್ಣುಮಕ್ಕಳು, ಒಬ್ಬ ಮಗ. ಹಿರಿಮಗಳಿಗೆ 4 ಮಕ್ಕಳು, ಕಿರಿಮಗಳಿಗೆ 1, ಮಗನಿಗೆ 3. ಮಗನೇ ಕಾರಣವರ್, ಅಂದರೆ ಮನೆಯ ಯಜಮಾನ. ಯಾರಿಗೆ ಎಷ್ಟು? ಕಾರಣವರಿಗೆ ಹೆಚ್ಚು ಪಾಲು ಉಂಟಾ?

ಹಳೇಪತ್ರ
ತಲೆಗೊಂದು. ಮೊದಲು ಹೆಂಗಸರನ್ನು ಹಿಡಿದೇ ವಂಶವೃಕ್ಷ ಬರೆಯಿರಿ. ಮಗನ 3 ಮಕ್ಕಳು ಇಲ್ಲಿ ಬರೋದಿಲ್ಲ, ಅವರು ಅವರ ತಾಯಿಯ ತರವಾಡಿನವರು. ಉಳಿಯುವುದು 9 ಜನ: ತಾಯಿ, 3 ಮಕ್ಕಳು, 5 ಮೊಮ್ಮಕ್ಕಳು. ತಲೆಗೆ ಒಂಬತ್ತನೇ ಒಂದು. ಹಿರಿಮಗಳ ತಾವಳಿಗೆ (ಅವಳು, ಅವಳ ಮಕ್ಕಳು ಸೇರಿದ ಕವಲಿಗೆ) 5 ಪಾಲು, ಕಿರಿಮಗಳ ತಾವಳಿಗೆ 2, ತಾಯಿಗೂ ಮಗನಿಗೂ ಒಂದೊಂದು. ಹಸುಗೂಸಿಗೂ ಕಾರಣವರಿಗೂ ಒಂದೇ ಅಳತೆ. ಕಾರಣವರ್ ಆಸ್ತಿ ನೋಡಿಕೊಳ್ಳುವ ಯಜಮಾನ, ಒಡೆಯನಲ್ಲ.

ಎಲ್ಲರೂ ಎಡವುವುದು ದಿನಾಂಕದಲ್ಲಿ. ಕೇರಳದ ಕೂಡುಕುಟುಂಬ ರದ್ದತಿ ಕಾಯ್ದೆ ಜಾರಿಯಾದದ್ದು 1976ರ ಡಿಸೆಂಬರ್ 1ಕ್ಕೆ. ಅಂದು ಬದುಕಿದ್ದ ಸದಸ್ಯರ ತಲೆ ಎಣಿಸಬೇಕು. ಆಮೇಲೆ ಹುಟ್ಟಿದ ಮಗುವಿಗೆ ಹುಟ್ಟಿನಿಂದ ಪಾಲಿಲ್ಲ, ತಾಯಿಯ ಪಾಲಿನಿಂದ ಬಂದರೆ ಬಂತು.

ಕುತೂಹಲಿ
ಮಗ 1960ರಲ್ಲೇ ತೀರಿಕೊಂಡಿದ್ದರೆ? ಉಳಿದವರೆಲ್ಲ ಆಗಲೇ ಹುಟ್ಟಿದ್ದರು ಅನ್ನೋಣ.

ಕವರು
ಲೆಕ್ಕ ಪೂರ್ತಿ ಬದಲಾಗುತ್ತೆ. 1956ಕ್ಕೆ ಮೊದಲಾಗಿದ್ದರೆ ಅವನ ಹಕ್ಕು ತರವಾಡಿನಲ್ಲೇ ಕರಗುತ್ತಿತ್ತು, ಹೆಂಡತಿ ಮಕ್ಕಳಿಗೆ ಅದರಲ್ಲಿ ಏನೂ ಇಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 7ನೇ ಕಲಮು ಬಂದ ಮೇಲೆ, ಸಾಯುವ ಮುಂಚೆಯೇ ಪಾಲಾಗಿತ್ತು ಎಂದು ಭಾವಿಸಿ ಆ ಒಂಬತ್ತನೇ ಒಂದನ್ನು ಬೇರೆ ತೆಗೆಯಬೇಕು. ವಿಲ್ ಇಲ್ಲದಿದ್ದರೆ ಅದು ಹೆಂಡತಿ, 3 ಮಕ್ಕಳು, ತಾಯಿ, ಹೀಗೆ ಐವರಿಗೆ ಸಮ. ಒಬ್ಬೊಬ್ಬರಿಗೆ 45ರಲ್ಲಿ 1. ವಾರಸುದಾರರ ಪಟ್ಟಿಯಲ್ಲಿ ತಾಯಿಯನ್ನು ಬಿಟ್ಟುಬಿಡುವುದು ತುಂಬ ಸಾಮಾನ್ಯ, ಅದೊಂದನ್ನು ನೋಡಿಕೊಳ್ಳಿ.

ಇದಕ್ಕೂ ಮುಂಚೆ ಹಳೆಯ ಪಾಲುಪತ್ರ ಇದೆಯೇ ಎಂದು ಹುಡುಕಿ. ಮಲಬಾರಿನಲ್ಲಿ ಮೊದಲು ಎಲ್ಲರೂ ಒಪ್ಪದೆ ಪಾಲಿಲ್ಲ. ತಾವಳಿ ಪಾಲು ಕೇಳುವ ಹಕ್ಕು ಬಂದದ್ದು 1933ರಲ್ಲಿ. ತಿರುವಾಂಕೂರಿನಲ್ಲಿ 1925ರಿಂದಲೇ ಒಬ್ಬೊಬ್ಬರೂ ಕೇಳಬಹುದಿತ್ತು, ಹಾಗಾಗಿ ಅಲ್ಲಿನ ತರವಾಡುಗಳು ಬೇಗ ಒಡೆದವು.

ಹಳೇಪತ್ರ
ಕಾರಣವರ್ ಮಾರಿದ ಜಮೀನಿದ್ದರೆ ಕ್ರಯಪತ್ರ ಓದದೆ ಮುಂದೆ ಹೋಗಬೇಡಿ. 1933ರ ನಂತರದ್ದಾದರೆ ತರವಾಡಿನ ಅಗತ್ಯವೋ ಹಿತವೋ ಇರಬೇಕು, ಜೊತೆಗೆ ವಯಸ್ಕ ಸದಸ್ಯರಲ್ಲಿ ಹೆಚ್ಚಿನವರ ಲಿಖಿತ ಒಪ್ಪಿಗೆಯೂ ಬೇಕು. ತಂಗಿಯರ ಸಹಿಯೇ ಇಲ್ಲದ ಪತ್ರಗಳಿಂದಲೇ ಎಷ್ಟೋ ದಾವೆ ಹುಟ್ಟುವುದು.

ಸರ್ಪಕಾವು (ನಾಗಬನ), ಕೆರೆ, ನಾಲುಕೆಟ್ಟಿನ (ತರವಾಡಿನ ತೊಟ್ಟಿಮನೆ) ಒಳಗಿನ ದೇವರ ಕೋಣೆ ಇವನ್ನು ತಲೆ ಲೆಕ್ಕಕ್ಕೆ ಸೇರಿಸಬೇಡಿ. ಸಾಮಾನ್ಯ ಆಸ್ತಿ ಎಂದು ಪಾಲುಪತ್ರದಲ್ಲಿ ಬೇರೆಯೇ ಬರೆದು, ಅಲ್ಲಿಗೆ ಹೋಗುವ ದಾರಿಯ ಅಗಲವನ್ನೂ ದೀಪದ ಖರ್ಚು ಯಾರದೆಂಬುದನ್ನೂ ನಮೂದಿಸಿ. ದಾರಿ ಬರೆಯದಿದ್ದರೆ ಮುಂದಿನ ತಲೆಮಾರು ಬೇಲಿ ಹಾಕುತ್ತದೆ.