ನಿವೇಶನದ ಹೋರಾಟ: ಸಿಟ್ಟಲ್ಲಿ ಕೂಗಾಡದೆ, ಸೋತು ಮನೆ ಸೇರದೆ ಉಳಿಯೋದು ಹೇಗೆ?

ಲೈನ್‌ಮನೆ ಸಕಲೇಶಪುರ
ಕಾಫಿ ತೋಟದ ಲೈನ್ ಮನೆಯವರ ನಿವೇಶನಕ್ಕೆ ಓಡಾಡುವ ಗುಂಪುಗಳಿಗಾಗಿ ಕೇಳ್ತಿದ್ದೀನಿ. ತೋಟದ ಕೆಲಸ ಬಿಟ್ಟರೆ ಮನೆಯೂ ಬಿಡಬೇಕು, ಅದಕ್ಕೇ ಸೈಟಿನ ಅರ್ಜಿ. ಸರ್ಕಾರಿ ಜಾಗ ಒತ್ತುವರಿ ಮಾಡಿದ ಬೆಳೆಗಾರರಿಗೆ 25 ಎಕರೆವರೆಗೆ 30 ವರ್ಷ ಗುತ್ತಿಗೆ ಕೊಡೋಕೆ ಭೂ ಕಂದಾಯ ಕಾಯ್ದೆಗೇ ತಿದ್ದುಪಡಿ ಆಯ್ತು. 30/40 ಸೈಟು ಕೇಳಿದವರಿಗೆ ಮಾತ್ರ "ಜಾಗ ಇಲ್ಲ, ಇರೋದೆಲ್ಲ ಡೀಮ್ಡ್ ಫಾರೆಸ್ಟು" (ಅಧಿಸೂಚನೆ ಆಗದಿದ್ದರೂ ಕಾಡು ಅಂತ ಪರಿಗಣಿಸಿದ ಜಾಗ) ಅನ್ನೋ ಉತ್ತರ. ಇದನ್ನ ನೋಡ್ತಾ ಅರ್ಧ ಜನ ಕಚೇರೀಲಿ ಕೂಗಾಡ್ತಾರೆ, ಉಳಿದವರು "ನಮ್ಮ ಹಣೆಬರಹ" ಅಂತ ಸುಮ್ಮನಾಗ್ತಾರೆ. ತಾಳ್ಮೆಯ ಉಪದೇಶ ಬೇಡ, ಮಾಡೋಕಾಗೋದು ಹೇಳಿ.

ಟಪಾಲು ಸೀಲು
ಮೊದಲು ಕಚೇರಿಯ ವಿಷಯ. ಒಬ್ಬರೇ ಹೋಗಬೇಡಿ, ಹತ್ತು ಜನವೂ ಬೇಡ. ಇಬ್ಬರು ಸಾಕು: ಒಬ್ಬರು ಮಾತಾಡೋದು, ಇನ್ನೊಬ್ಬರು ಬರೆದುಕೊಳ್ಳೋದು. ಬರೆಯುವವರು ಕೂತಿದ್ದರೆ ಆ ಕಡೆಯ ಮಾತೂ ಹದಕ್ಕೆ ಬರುತ್ತೆ, ಈ ಕಡೆಯ ದನಿಯೂ ಏರಲ್ಲ. ಕೇಳಬೇಕಾದ್ದನ್ನ ಮೂರೇ ಸಾಲು ಬರೆದುಕೊಂಡು ಹೋಗಿ. ಬೆಳಗ್ಗೆ ಬಸ್ ಹತ್ತಿ ಬಂದು ಮಧ್ಯಾಹ್ನದವರೆಗೆ ಖಾಲಿ ಹೊಟ್ಟೇಲಿ ಬೆಂಚಿನ ಮೇಲೆ ಕೂತವರಿಗೆ "ನಾಳೆ ಬನ್ನಿ" ಅಂದ್ರೆ ಸಿಟ್ಟು ಬರದೆ ಇನ್ನೇನಾಗುತ್ತೆ? ತಿಂಡಿ ತಿಂದು ಹೋಗಿ.

ಒಳಗೆ ಹೋಗೋ ಮುಂಚೆ ಮೂರು ನಿಮಿಷ: ನಾಲ್ಕು ಎಣಿಸೋವಷ್ಟು ಹೊತ್ತು ಉಸಿರು ಒಳಗೆ, ಆರು ಎಣಿಸೋವಷ್ಟು ಹೊರಗೆ. ಹೊರಗೆ ಬಿಡೋದು ನಿಧಾನವಾದರೆ ಎದೆಬಡಿತ ಇಳಿಯುತ್ತೆ. ಜೋರಾಗಿ ಎಳೆದುಕೊಂಡರೆ ತಲೆ ಸುತ್ತುತ್ತೆ, ಸಣ್ಣ ಉಸಿರೇ ಸಾಕು.

ಹೊರಗೆ ಬರುವಾಗ ಕೈಯಲ್ಲಿ ಸೀಲು, ದಿನಾಂಕ, ಸ್ವೀಕೃತಿ ನಂಬರು ಇರಲೇಬೇಕು. ಬರೀ ಬಾಯಿಮಾತಿನ ಭರವಸೆ ಹೊತ್ತು ತಂದವರೇ ಬೇಗ ಸೋಲೋದು, ಯಾಕಂದ್ರೆ ಮುಂದಿನ ಸಲ ಮತ್ತೆ ಮೊದಲಿಂದ ಶುರು ಮಾಡಬೇಕು. ಇನ್ನೊಂದು: ಮೇಜು ಗುದ್ದಿ ತಳ್ಳಾಟಕ್ಕೆ ಹೋದರೆ ಸರ್ಕಾರಿ ಕೆಲಸಕ್ಕೆ ಅಡ್ಡಿ ಅಂತ ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) ಕಲಂ 132 ಹಾಕ್ತಾರೆ, ಅದು ಜಾಮೀನುರಹಿತ. ಆಮೇಲೆ ಸೈಟಿನ ಓಡಾಟ ನಿಂತು ಕೋರ್ಟಿನ ಓಡಾಟ ಶುರು.

ಮೂಡಿಗೆರೆ ಅರ್ಜಿದಾರ
ಮೇಲಿನವರು ಹೇಳಿದ್ದು ಸರಿ. ಸೀಲು ಬಿದ್ದ ಮೇಲೆ ಸುಮ್ಮನೆ ಕಾಯೋದೇ ಜನರನ್ನ ಒಳಗಿಂದ ತಿನ್ನೋದು. ಆ ಕಾಯುವಿಕೆಗೆ ಗಡುವು ಹಾಕಿ. ಮಾಹಿತಿ ಹಕ್ಕಿನ ಅರ್ಜಿ: 10 ರೂಪಾಯಿ ಶುಲ್ಕ, ಬಿಪಿಎಲ್ ಕಾರ್ಡಿನ ಪ್ರತಿ ಇಟ್ಟರೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜೀಲಿ ಒಂದೇ ವಿಷಯ, 150 ಪದದೊಳಗೆ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಅದರ ಆದೇಶ ಬಂದ ಮೇಲೂ ಸಮಾಧಾನ ಇಲ್ಲದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ಅಲ್ಲಿ ಮಾತ್ರ ತುಂಬಾ ಕಾಯಬೇಕಾಗುತ್ತೆ, ಅದನ್ನ ಗುಂಪಿಗೆ ಮೊದಲೇ ಹೇಳಿಬಿಡಿ.

"ನಮಗೆ ಯಾಕೆ ಕೊಟ್ಟಿಲ್ಲ?" ಅಂತ ಕೇಳಿದ್ರೆ "ಇದು ಮಾಹಿತಿ ಅಲ್ಲ" ಅಂತ ವಾಪಸ್ ಬರುತ್ತೆ. ಹೀಗೆ ಕೇಳಿ: ಇಂಥ ದಿನಾಂಕದ ನಮ್ಮ ಅರ್ಜಿಯ ಟಿಪ್ಪಣಿ ಹಾಳೆ, ಕಡತ ಯಾರ ಮೇಜಿನಲ್ಲಿ ಎಷ್ಟು ದಿನ ಇತ್ತು ಅನ್ನೋ ದಾಖಲೆ, ಗ್ರಾಮದ ಸರ್ಕಾರಿ ಸರ್ವೆ ನಂಬರುಗಳ ಪಟ್ಟಿ. ಡೀಮ್ಡ್ ಫಾರೆಸ್ಟ್ ಅಂದವರ ಹತ್ತಿರ ಯಾವ ಸರ್ವೆ ನಂಬರು, ಎಷ್ಟು ಎಕರೆ ಅನ್ನೋ ಕಾಗದವೂ ಇರಬೇಕಲ್ಲ. ಜೊತೆಗೆ ಗ್ರಾಮಸಭೇಲಿ ನಿವೇಶನರಹಿತರ ಪಟ್ಟಿಗೆ ಹೆಸರು ಸೇರಿಸಿ, ಅದು ನಡಾವಳಿ ಪುಸ್ತಕದಲ್ಲಿ ಬರೆದಿದೆಯೋ ನೋಡಿಯೇ ಎದ್ದು ಬನ್ನಿ.

ಸಭೆಗಳನ್ನ ಹಣ್ಣು ಕೊಯ್ಲಿನ ದಿನಗಳಲ್ಲಿ ಇಡಬೇಡಿ. ಕೂಲಿ ಕಳೆದುಕೊಂಡು ಬಂದವರು ಎರಡನೇ ಸಲ ಬರಲ್ಲ. ಅದನ್ನ ಉತ್ಸಾಹ ಇಲ್ಲ ಅಂತ ಬೈಯೋದು ತಪ್ಪು.

ಭದ್ರಾ ಮೇಲ್ದಂಡೆ
ಆಸೆಯ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಒರಟು. "ಬರೋ ಯುಗಾದಿಗೆ ಹಕ್ಕುಪತ್ರ ಕೈಗೆ" ಅಂತ ಮುಖಂಡರು ದಿನ ಗೊತ್ತು ಮಾಡಿ ಹೇಳ್ತಾರಲ್ಲ, ಗುಂಪು ಒಡೆಯೋದೇ ಅಲ್ಲಿ. ದಲಿತರು ಮುಟ್ಟಬಾರದು ಅಂತಿದ್ದ ಮಹಾರಾಷ್ಟ್ರದ ಮಹಾಡದ ಚವದಾರ್ ಕೆರೆ ನೀರನ್ನ ಅಂಬೇಡ್ಕರ್ ಮುಟ್ಟಿದ್ದು 1927ರ ಮಾರ್ಚ್ 20. ದಲಿತರ ಪರ ಬಾಂಬೆ ಹೈಕೋರ್ಟ್ ತೀರ್ಪು ಬಂದಿದ್ದು 1937ರಲ್ಲಿ. ನಡುವೆ ಅವರು ಕೆರೆಯೊಂದನ್ನೇ ಕಾಯ್ತಾ ಕೂರಲಿಲ್ಲ, ದುಂಡುಮೇಜಿನ ಪರಿಷತ್ತಿಗೂ ಹೋದರು, ಪಕ್ಷವನ್ನೂ ಕಟ್ಟಿದರು. ನಾಸಿಕದ ಕಾಳಾರಾಮ ದೇಗುಲದಲ್ಲಿ 1930ರಲ್ಲಿ ಶುರುವಾದ ಸತ್ಯಾಗ್ರಹ ವರ್ಷಗಟ್ಟಲೆ ನಡೆದರೂ ದಲಿತರಿಗೆ ಬಾಗಿಲು ತೆರೆಯಲಿಲ್ಲ, ಕೈಬಿಟ್ಟರು. ಎರಡನ್ನೂ ಹೇಳಬೇಕು. ಗೆದ್ದದ್ದನ್ನ ಮಾತ್ರ ಹೇಳಿದರೆ ಮೊದಲ ಸೋಲಿಗೇ ಜನ ಕುಸೀತಾರೆ.

ನಮ್ಮ ಚಿಕ್ಕಮಗಳೂರು ಜಿಲ್ಲೆಯದೇ ಕುದುರೆಮುಖ ನೋಡಿ. ಅಲ್ಲಿನ ಕಬ್ಬಿಣದ ಅದಿರಿನ ಗಣಿ ಗುತ್ತಿಗೆ 1999ರಲ್ಲೇ ಮುಗಿದಿತ್ತು, ನಿಲ್ಲಿಸಿ ಅನ್ನೋ ಸುಪ್ರೀಂ ಕೋರ್ಟ್ ಆದೇಶ 2002ರಲ್ಲಿ, ಗಣಿ ನಿಂತಿದ್ದು 2005ರ ಕೊನೆಗೆ. ಭದ್ರಾ ನದಿಗೆ ಗಣಿಯ ಹೂಳು ತಪ್ಪಿತು, ಆ ಊರಿನ ಕಾರ್ಮಿಕರ ಅನ್ನವೂ ಹೋಯಿತು. ಗೆಲುವು ಅಂದ್ರೆ ಹೀಗೇ, ಯಾರದೋ ಲೆಕ್ಕ ಬಾಕಿ ಇಟ್ಟುಕೊಂಡೇ ಬರೋದು.

ಹಾಸನ ಪೇಟೆ
ಎಲ್ಲಕ್ಕೂ ಸಮಾಧಾನ ಮದ್ದಲ್ಲ ಸ್ವಾಮಿ. ಜಾತಿ ಹಿಡಿದು ಬೈದರೆ ಉಸಿರು ಎಣಿಸಬೇಡಿ, ದೂರು ಕೊಡಿ. ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯಡಿ 60 ದಿನದೊಳಗೆ ತನಿಖೆ ಮುಗಿಸಿ ಆರೋಪಪಟ್ಟಿ ಹಾಕಬೇಕು. ಠಾಣೇಲಿ ತೆಗೆದುಕೊಳ್ಳದಿದ್ದರೆ ಎಸ್ಪಿಗೆ ರಿಜಿಸ್ಟರ್ಡ್ ಅಂಚೆ. ಹೆಂಗಸರಿಗೂ ಪರಿಶಿಷ್ಟರಿಗೂ ಆದಾಯ ಎಷ್ಟೇ ಇರಲಿ ವಕೀಲರು ಉಚಿತ, ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ.

ಲೈನ್‌ಮನೆ ಸಕಲೇಶಪುರ
ಎಲ್ಲರಿಗೂ ವಂದನೆ. ಒಂದೇ ಸಂಶಯ: ಓಡಾಡೋರು ಪ್ರತಿ ಸಲ ಅದೇ ನಾಲ್ಕು ಜನ. ಅವರಿಗೆ ನಿದ್ದೆಯೇ ಇಲ್ಲ, ರಾತ್ರಿಯೆಲ್ಲ ಮೊಬೈಲಲ್ಲಿ ಇದೇ ಸುದ್ದಿ.

ಟಪಾಲು ಸೀಲು
ಸರದಿ ಹಾಕಿ. ಎರಡು ತಿಂಗಳಿಗೊಮ್ಮೆ ಕಡತ ಕೈ ಬದಲಾಗಲಿ. ಹಳಬರು ಹೊಸಬರ ಜೊತೆ ಒಂದು ಸಲ ಹೋಗಿ ಬಂದು ಆಮೇಲೆ ಬಿಡಲಿ. ಎಲ್ಲ ಕಾಗದಕ್ಕೂ ಎರಡು ಜೆರಾಕ್ಸ್, ಬೇರೆ ಬೇರೆ ಮನೇಲಿ. ಗುಂಪಿನ ವಾಟ್ಸಾಪ್‌ಗೆ ರಾತ್ರಿ ಎಂಟರ ಮೇಲೆ ಏನೂ ಹಾಕಬಾರದು ಅಂತ ನಿಯಮ ಮಾಡಿ, ತುರ್ತಿದ್ದರೆ ಫೋನ್. ಎರಡು ವಾರ ಕಳೆದರೂ ನಿದ್ದೆ, ಊಟ ಸರಿಹೋಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416. ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.