ಕ್ಯಾನ್ಸಸ್‌ನಲ್ಲಿ ಎರಡು ದಿನದ ನಡಿಗೆ: ಬಂಡಿ ಜಾಡು ನೋಡಬೇಕೆನ್ನುವ ತಂದೆಯವರಿಗೆ ಯಾವ ಹಾದಿ ಸೂಕ್ತ?

ಪ್ರಶ್ನೆ:
ಓವರ್‌ಲ್ಯಾಂಡ್ ಪಾರ್ಕ್‌ನ ನಮ್ಮ ಮನೆಗೆ ಸೆಪ್ಟೆಂಬರ್ ಕೊನೆಗೆ ಧಾರವಾಡದಿಂದ ತಂದೆ ತಾಯಿ ಬರುತ್ತಿದ್ದಾರೆ. ಇತಿಹಾಸದ ಮೇಷ್ಟರಾಗಿ ನಿವೃತ್ತರಾದ ತಂದೆಯವರಿಗೆ, ಮಿಸೌರಿಯಿಂದ ಸಾಂಟಾ ಫೆ ಊರಿಗೆ ಸರಕಿನ ಬಂಡಿಗಳು ಸಾಗುತ್ತಿದ್ದ ಹಳೆಯ ದಾರಿಯಾದ ಸಾಂಟಾ ಫೆ ಟ್ರೇಲ್‌ನ ಬಂಡಿ ಜಾಡಿನ ಮೇಲೆ ನಡೆಯಬೇಕೆಂಬ ಆಸೆ. ಇಬ್ಬರೂ ದಿನಾ ನಾಲ್ಕೈದು ಕಿಲೋಮೀಟರ್ ನಡೆಯುತ್ತಾರೆ. ಆದರೆ ಮೊಣಕಾಲು ನೋವಿನಿಂದಾಗಿ ತಾಯಿಯವರಿಗೆ ಏರು ಹತ್ತುವುದು ಕಷ್ಟ. ಇದಕ್ಕಾಗಿ ಜಾಡು ಉಳಿದಿರುವ ಡಾಡ್ಜ್ ಸಿಟಿಯವರೆಗೆ ಹೋಗಬೇಕೇ, ಹತ್ತಿರದಲ್ಲೇ ಬೇರೆ ಹಾದಿಗಳಿವೆಯೇ? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1:
1821ರಲ್ಲಿ ವಿಲಿಯಂ ಬೆಕ್ನೆಲ್ ಮಿಸೌರಿಯಿಂದ ಸರಕು ಹೇರಿಕೊಂಡು ಹೊರಟಲ್ಲಿಂದ 1880ರಲ್ಲಿ ರೈಲು ಸಾಂಟಾ ಫೆ ತಲುಪುವವರೆಗೆ ಬಳಕೆಯಲ್ಲಿದ್ದ ಈ ವ್ಯಾಪಾರದ ದಾರಿಯನ್ನು 1987ರಲ್ಲಿ ರಾಷ್ಟ್ರೀಯ ಐತಿಹಾಸಿಕ ಹಾದಿಯೆಂದು ಘೋಷಿಸಿದ್ದರೂ, ಅದು ಉದ್ದಕ್ಕೂ ನಡೆಯಲು ಸಿಗುವ ಕಾಲುದಾರಿಯಲ್ಲ. ಬಹುಪಾಲು ಖಾಸಗಿ ಜಮೀನುಗಳಲ್ಲಿ ಹಾದುಹೋಗುತ್ತದೆ. ಡಾಡ್ಜ್ ಸಿಟಿಯ ಪಶ್ಚಿಮಕ್ಕೆ ಜಾಡು ಉಳಿದಿರುವುದು ನಿಜ, ಆದರೆ ಎರಡು ಗಾಲಿಗೆರೆಗಳನ್ನು ನಿರೀಕ್ಷಿಸಿದವರಿಗೆ ನಿರಾಸೆಯಾದೀತು. ಬಂಡಿಗಳು ಅಕ್ಕಪಕ್ಕ ಹಲವು ಸಾಲಾಗಿ ಸಾಗುತ್ತಿದ್ದುದರಿಂದ ಅಲ್ಲಿ ಕಾಣುವುದು ಹುಲ್ಲಿನ ನಡುವೆ ತಗ್ಗಾದ ಅಗಲವಾದ ಪಟ್ಟಿ. ಅರ್ಧ ಗಂಟೆಯ ನೋಟಕ್ಕೆ ಐದು ಗಂಟೆಗೂ ಹೆಚ್ಚು ಕಾರಿನಲ್ಲಿ ಕೂರಿಸುವುದು ಹಿರಿಯರಿಗೆ ಶಿಕ್ಷೆಯೇ ಸರಿ.

ಅದರ ಬದಲು ಕೌನ್ಸಿಲ್ ಗ್ರೋವ್‌ಗೆ ಕರೆದೊಯ್ಯಿರಿ. ಬಂಡಿಗಳು ನಿಯೋಶೋ ನದಿ ದಾಟುತ್ತಿದ್ದ ಊರದು. ಹಿಂದೆ ಬರುವವರಿಗಾಗಿ ಪ್ರಯಾಣಿಕರು ಕಾಗದಗಳನ್ನು ಬುಡದಲ್ಲಿ ಇಟ್ಟುಹೋಗುತ್ತಿದ್ದ ಓಕ್ ಮರದ ಮೋಟು ಇಂದಿಗೂ ಇದೆ. ಒಸಾವಟೊಮಿಯಿಂದ ಹೆರಿಂಗ್ಟನ್‌ವರೆಗೆ 118 ಮೈಲಿ ಸಾಗುವ ಫ್ಲಿಂಟ್ ಹಿಲ್ಸ್ ಟ್ರೇಲ್ ಕೂಡ ಇದೇ ಊರನ್ನು ಹಾಯುತ್ತದೆ. ಅದು ಹಳೆಯ ರೈಲು ಹಳಿಯ ದಾರಿ. ರೈಲು ಕಡಿದಾದ ಏರು ಹತ್ತಲಾರದಾದ್ದರಿಂದ ತಾಯಿಯವರ ಮೊಣಕಾಲಿಗೂ ತೊಂದರೆಯಾಗದು.

ಉತ್ತರ 2:
ಮೇಲಿನವರ ಮಾತು ಒಪ್ಪುವಂಥದು. ಎರಡನೆಯ ದಿನವನ್ನು ಸ್ಟ್ರಾಂಗ್ ಸಿಟಿಯ ಬಳಿಯ ಟಾಲ್‌ಗ್ರಾಸ್ ಪ್ರೇರಿ ರಾಷ್ಟ್ರೀಯ ಸಂರಕ್ಷಿತ ಪ್ರದೇಶಕ್ಕೆ ಮೀಸಲಿಡಿ. ಮಣ್ಣಿನ ಕೆಳಗೇ ಸುಣ್ಣಕಲ್ಲು, ಚಕಮಕಿ ಕಲ್ಲು ಇದ್ದು ನೇಗಿಲು ಇಳಿಯದ ಕಾರಣಕ್ಕೇ ಇಲ್ಲಿ ಮೂಲದ ಹುಲ್ಲುಗಾವಲು ಉಳಿಯಿತೆಂಬುದನ್ನು ಎರೆಭೂಮಿ ಕಂಡ ಧಾರವಾಡದವರಿಗೆ ವಿವರಿಸಬೇಕಾಗಿಲ್ಲ. ಸೆಪ್ಟೆಂಬರ್ ಕೊನೆಗೆ ಬಿಗ್ ಬ್ಲೂಸ್ಟೆಮ್ ಹುಲ್ಲು ಕೆಲವೆಡೆ ಆಳೆತ್ತರಕ್ಕಿದ್ದು ಕೆಂಪೇರಿರುತ್ತದೆ. ತಂದೆಯವರು ಬೈಸನ್‌ಗಳಿರುವ ಬಯಲಿನ ಸೀನಿಕ್ ಓವರ್‌ಲುಕ್ ಹಾದಿಯಲ್ಲಿ ಸ್ವಲ್ಪ ದೂರ ಹೋಗಿ ಬರಲಿ. ಹೋಗಿಬರಲು ಆರು ಮೈಲಿ ದಾಟುವ ಆ ಹಾದಿಯನ್ನು ಮುಗಿಸಲೇಬೇಕೆಂದಿಲ್ಲ. ಬೈಸನ್‌ಗಳಿಂದ ನೂರು ಗಜಕ್ಕೂ ಹೆಚ್ಚು ದೂರವಿರಬೇಕು. ತಾಯಿಯವರಿಗೆ 1882ರ ಕಲ್ಲಿನ ಶಾಲೆಯತ್ತ ಹೋಗುವ ಸೌತ್‌ವಿಂಡ್ ಹಾದಿ ಸಾಕು.

ನೆರಳೂ ಇಲ್ಲ, ದಾರಿಯಲ್ಲಿ ಕುಡಿಯುವ ನೀರೂ ಇಲ್ಲ, ಬೆಳಗ್ಗೆಯೇ ಹೊರಡಿ. ಹೋದ ಸಲ ಗಿಡ್ಡ ಕಾಲುಚೀಲ ಹಾಕಿ ಹುಲ್ಲಿನಲ್ಲಿ ಕುಳಿತ ನನಗೆ ಮರುದಿನ ಕಾಲುಚೀಲದ ಅಂಚಿನುದ್ದಕ್ಕೂ ಬಳೆ ತೊಡಿಸಿದಂತೆ ಕೆಂಪು ಗುಳ್ಳೆಗಳೆದ್ದಿದ್ದವು. ಚಿಗ್ಗರ್ ಹುಳುಗಳ ಕೆಲಸ, ಹತ್ತು ದಿನ ತುರಿಕೆ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಿಕೊಳ್ಳಲಿ, ಸಂಜೆ ರಕ್ತ ಹೀರುವ ಉಣುಗು (ಟಿಕ್) ಕಚ್ಚಿಕೊಂಡಿದೆಯೇ ಎಂದು ಮೈಯೆಲ್ಲ ನೋಡಿಕೊಳ್ಳಲಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಡಾಡ್ಜ್ ಸಿಟಿಯನ್ನು ಕೈಬಿಟ್ಟು ಕೌನ್ಸಿಲ್ ಗ್ರೋವ್‌ನಲ್ಲಿ ಒಂದು ರಾತ್ರಿ ತಂಗುವುದೆಂದು ನಿರ್ಧರಿಸಿದ್ದೇವೆ. ಸೀರೆಯಲ್ಲೇ ನಡೆಯುತ್ತೇನೆಂದು ಹಟ ಹಿಡಿದಿದ್ದ ತಾಯಿಯವರು ಚಿಗ್ಗರ್ ಪ್ರಸಂಗ ಕೇಳಿದ ಮೇಲೆ ಪ್ಯಾಂಟಿಗೆ ಒಪ್ಪಿದ್ದಾರೆ.