ಮೇಕೆ ಕೊಡುವ ಮೊದಲು ಗುಟ್ಟು ಕಾಯಿರಿ: ಮೂಡಿಗೆರೆಯ ಸಂಘಕ್ಕೆ ಇಬ್ಬರ ಅನುಭವ

ಕೇಳಿದವರು, ಮೂಡಿಗೆರೆ ತಾಲ್ಲೂಕು: ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಎಚ್‌ಐವಿ ಸೋಂಕಿರುವ ನಾಲ್ವರು ತಾವಾಗಿಯೇ ವಿಷಯ ಹೇಳಿಕೊಂಡಿದ್ದಾರೆ. ಅವರಿಗಾಗಿ ಮೇಕೆ ಸಾಕಣೆ ಆರಂಭಿಸುವ ಯೋಚನೆಯಿದೆ. ಅನುಭವವುಳ್ಳವರು ದಾರಿ ತೋರಿಸಬೇಕು.

ಸಕಲೇಶಪುರದಿಂದ: ಸಹೋದರಿ, ನಮಸ್ಕಾರ. ಆ ನಾಲ್ವರಿಗೆಂದೇ ಪ್ರತ್ಯೇಕ ಗುಂಪು ಕಟ್ಟಬೇಡಿ ಎಂಬುದು ನನ್ನ ಮೊದಲ ವಿನಂತಿ. ನಾವು ಆ ತಪ್ಪು ಮಾಡಿದೆವು. ಐವರಿಗೆ ಒಂದೇ ದಿನ, ಕಿವಿಗೆ ಹಳದಿ ಬಿಲ್ಲೆ ಹಾಕಿದ ಮೇಕೆಗಳನ್ನು ಹಂಚಿದೆವು; ತಿಂಗಳು ಕಳೆಯುವಷ್ಟರಲ್ಲಿ ‘ಹಳದಿ ಬಿಲ್ಲೆಯವರು’ ಎಂದರೆ ಯಾರು, ಏಕೆ ಎಂಬುದು ಊರಿಗೆಲ್ಲ ತಿಳಿದುಹೋಗಿತ್ತು. ಅವರಲ್ಲೊಬ್ಬಾಕೆ ಮೇಕೆ ಮಾರಿ ತವರಿಗೆ ಹೊರಟುಹೋದರು. ಆ ನೋವು ನನಗೆ ಇನ್ನೂ ಆರಿಲ್ಲ. ಅವರ ಒಪ್ಪಿಗೆಯಿಲ್ಲದೆ ಸೋಂಕಿನ ವಿಷಯವನ್ನು ಹೊರಗೆಡಹುವುದು 2017ರ ಎಚ್‌ಐವಿ ಕಾಯ್ದೆಗೂ ವಿರುದ್ಧ. ಆದ್ದರಿಂದ ಸಾಲವಾಗಲಿ, ಮೇಕೆಯಾಗಲಿ, ಬಡತನದ ಆಧಾರದ ಮೇಲೆ ಸಂಘದ ಹತ್ತು ಹದಿನೈದು ಮಂದಿಗೆ ಕೊಡಿ, ಆ ನಾಲ್ವರೂ ಅವರೊಳಗೆ ಇರಲಿ. ನಡಾವಳಿ ಪುಸ್ತಕದಲ್ಲಿ ಕಾಯಿಲೆಯ ಹೆಸರು ಬರೆಯಲೇಬೇಡಿ.

ಎರಡನೆಯದು ಕೂಲಿಯ ವಿಚಾರ. ಎಚ್‌ಐವಿಗೆ ಔಷಧ ಕೊಡುವ ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ 2004ರಿಂದ ಮಾತ್ರೆ ಉಚಿತವಾಗಿದ್ದರೂ, ಅದನ್ನು ತರಲು ಹೋದ ದಿನದ ಕೂಲಿ ಮಾತ್ರ ಹೋದಂತೆಯೇ. ಕಾಫಿ ಕೊಯ್ಲಿನ ಕಾಲದಲ್ಲಿ ರಜೆ ಕೇಳಿದರೆ ತೋಟದ ರೈಟರ್ (ಹಾಜರಿ ಬರೆಯುವ ಗುಮಾಸ್ತರು) ಕಾರಣ ಕೇಳುತ್ತಾರೆ. ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗಷ್ಟೇ, ನಮ್ಮ ಮಲೆನಾಡಿನ ಎಷ್ಟೋ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು. ಹೀಗೆ ಒಂದು ಸಲ ತಪ್ಪಿದ ಮಾತ್ರೆ ಮತ್ತೆ ಮತ್ತೆ ತಪ್ಪುತ್ತದೆ, ವೈರಾಣು ಔಷಧಕ್ಕೆ ಬಗ್ಗದಂತಾಗುತ್ತದೆ. ನಾವು ಸಂಘದ ಉಳಿತಾಯದಿಂದ ‘ಆಸ್ಪತ್ರೆ ಖರ್ಚು’ ಎಂದು ಸಣ್ಣ ನಿಧಿ ಇಟ್ಟೆವು. ಹೆರಿಗೆ, ಸಕ್ಕರೆ ಕಾಯಿಲೆ, ಮಕ್ಕಳ ಜ್ವರ, ಯಾವುದಕ್ಕಾದರೂ ಬಸ್ ಚಾರ್ಜು ಮತ್ತು ಅರ್ಧ ದಿನದ ಕೂಲಿ ಅದರಿಂದ ಸಿಗುತ್ತದೆ, ಯಾರೂ ಕಾರಣ ಕೇಳುವುದಿಲ್ಲ. ನನ್ನ ಮಟ್ಟಿಗೆ ಮೇಕೆಗಿಂತ ಹೆಚ್ಚು ಉಪಕಾರವಾದದ್ದು ಈ ನಿಧಿಯಿಂದಲೇ.

ಅರಸೀಕೆರೆಯಿಂದ: ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ಒಂದು ಮಾತು ಸೇರಿಸುತ್ತೇನೆ. ಆರೋಗ್ಯ ಸ್ಥಿರವಾಗಿರುವವರಿಗೆ ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಡುವ ವ್ಯವಸ್ಥೆಯಿದೆ. ಕೊಯ್ಲಿಗೆ ಮುಂಚೆಯೇ ಎಆರ್‌ಟಿ ಕೇಂದ್ರದ ಆಪ್ತಸಮಾಲೋಚಕರನ್ನು ಕೇಳಿಕೊಳ್ಳಲು ಅವರಿಗೆ ತಿಳಿಸಿ. ನಮ್ಮ ಸಂಘದ ಒಬ್ಬ ತಾಯಿ ಮಾತ್ರೆಯ ಡಬ್ಬಿಯೊಳಗೆ ಹತ್ತಿ ತುರುಕಿ ಸೀರೆಗಳ ನಡುವೆ ಇಡುತ್ತಿದ್ದರು, ಅಲುಗಿದರೆ ಸದ್ದಾಗಿ ಸೊಸೆಗೆ ಗೊತ್ತಾದೀತೆಂಬ ಭಯ. ಆಕೆಗೆ ಮನೆಯಲ್ಲಿ ಹೇಳಿಬಿಡಿ ಎಂದು ನಾವು ಒತ್ತಾಯಿಸಲಿಲ್ಲ. ಬದಲಿಗೆ ಊರಿನ ಎಲ್ಲರಿಗೂ ಬಿ.ಪಿ., ಸಕ್ಕರೆ, ಕ್ಷಯ ತಪಾಸಣೆ ಇಡಿಸಿ, ಒಟ್ಟಿಗೆ ಉಣ್ಣುವುದರಿಂದ, ಒಂದೇ ಪಾತ್ರೆ ಬಳಸುವುದರಿಂದ ಎಚ್‌ಐವಿ ಹರಡುವುದಿಲ್ಲ ಎಂಬುದನ್ನು ಆಶಾ ಕಾರ್ಯಕರ್ತೆಯಿಂದ ಅಲ್ಲಿಯೇ ಹೇಳಿಸಿದೆವು. ಎಂಟು ತಿಂಗಳ ನಂತರ ಆಕೆ ತಾವೇ ಸೊಸೆಗೆ ಹೇಳಿದರು. ಈಗ ರಾತ್ರಿ ಊಟವಾದ ಮೇಲೆ ಮಾತ್ರೆ, ನೀರು ತಂದುಕೊಡುವವಳು ಆ ಸೊಸೆಯೇ.